‘ಕಟ್’ ಅಂದಿತೋ ‘ಗುಂಯ್’ ಅಂದಿತೋ

(ಸಾಗರದಲ್ಲಿ ಸ್ವಂತ ಕಾರು ಓಡಿಸುವವರ ಮುಂದೆ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಮೇಜಿನ ಮೇಲೆ ತೋರಿಸಿದ್ದನ್ನು ಬರಹದಲ್ಲಿ ಬಿಡಿಸಿ ಹೇಳಬೇಕಾಗಿ ಬಂದದ್ದರಿಂದ ಅಲ್ಲಲ್ಲಿ ಬೆಳೆದಿದೆ.)

ಎಲ್ಲರಿಗೂ ನಮಸ್ಕಾರ. ನಾನು ಭಾಷಣದವನಲ್ಲ, ವೈರಿನವನು. ಇದೇ ಊರಲ್ಲಿ ಮೂವತ್ತು ವರ್ಷದಿಂದ ಡೈನಮೋ, ಸೆಲ್ಫ್ ಬಿಚ್ಚುತ್ತ ಕಟ್ಟುತ್ತ ಕೂತಿದ್ದೇನೆ. ಪುಸ್ತಕದಲ್ಲಿ ಇದಕ್ಕೆ ಸ್ಟಾರ್ಟರ್ ಮೋಟರ್ ಅಂತ ಹೆಸರು. ನಮ್ಮಲ್ಲಿ ಯಾರೂ ಹಾಗನ್ನುವುದಿಲ್ಲ, ಸೆಲ್ಫ್ ಅಂದರೆ ಮುಗಿಯಿತು. ಹಾಗೇ ಕರೆಯೋಣ.

ಬೆಳಿಗ್ಗೆ ಏಳಕ್ಕೆ ಫೋನ್ ಬರುತ್ತದೆ. “ಅಣ್ಣಾ, ಸೆಲ್ಫ್ ತಗೊಳ್ತಾ ಇಲ್ಲ, ಮಗಳಿಗೆ ಇವತ್ತು ಪರೀಕ್ಷೆ.” ನಾನು ಕೇಳುವುದು ಒಂದೇ: “ಏನು ಸದ್ದು ಬಂತು?” ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಏನೋ ಬಂತಪ್ಪ.” ಈ ‘ಏನೋ ಬಂತು’ ಅನ್ನುವುದರಲ್ಲೇ ನಿಮ್ಮ ದುಡ್ಡು ಹೋಗುವುದು. ಯಾರೋ ಬ್ಯಾಟರಿ ಬದಲಾಯಿಸು ಅನ್ನುತ್ತಾರೆ, ಬದಲಾಯಿಸುತ್ತೀರಿ. ಇನ್ನೊಬ್ಬರು ಸೆಲ್ಫೇ ಹೋಗಿದೆ ಅನ್ನುತ್ತಾರೆ, ಅದನ್ನೂ ಬದಲಾಯಿಸುತ್ತೀರಿ. ಕೊನೆಗೆ ನೋಡಿದರೆ ಬೋನೆಟ್ ಒಳಗೆ ಅರ್ತ್ ವೈರಿನ, ಅಂದರೆ ಬ್ಯಾಟರಿಯ ಮೈನಸ್ಸನ್ನು ಇಂಜಿನ್ನಿಗೆ ಜೋಡಿಸುವ ವೈರಿನ, ಬೋಲ್ಟ್ ಸಡಿಲವಾಗಿರುತ್ತದೆ. ಕೀ ತಿರುಗಿಸಿದಾಗ ಕರೆಂಟು ಎಲ್ಲಿಯವರೆಗೆ ಹೋಗಿ ನಿಂತಿತು ಅನ್ನುವುದನ್ನು ಆ ಸದ್ದು ಹೇಳಿಬಿಟ್ಟಿರುತ್ತದೆ. ಕೇಳಿಸಿಕೊಳ್ಳುವುದನ್ನು ಕಲಿಸೋಣ ಅಂತಲೇ ಬಂದಿದ್ದೇನೆ.

ಈ ಮೇಜಿನ ಮೇಲಿರುವುದು ಹಳೆಯ ಮಾರುತಿ 800ರ ಸೆಲ್ಫ್. ಕೈಯಿಂದ ಕೈಗೆ ದಾಟಿಸಿ, ಬಟ್ಟೆ ಕರಿಯಾದರೆ ನನ್ನನ್ನು ಬೈಯಬೇಡಿ. ದೊಡ್ಡ ಡಬ್ಬಿ ಇದೆಯಲ್ಲ, ಅದು ಮೋಟರು. ಅದರ ಬೆನ್ನ ಮೇಲೆ ಮಗು ಕೂತ ಹಾಗೆ ಕೂತಿರುವ ಸಣ್ಣ ಡಬ್ಬಿ ಸೊಲೆನಾಯ್ಡ್. ಮೂತಿಯಲ್ಲಿ ಹಲ್ಲಿನ ಗೇರ್ ಕಾಣುತ್ತದಲ್ಲ, ಅದು ಪಿನಿಯನ್. ಪಿನಿಯನ್ನು, ಅದರ ಹಿಂದಿನ ಕ್ಲಚ್ಚು ಎರಡನ್ನೂ ಸೇರಿಸಿ ಗ್ಯಾರೇಜಿನಲ್ಲಿ ಬೆಂಡಿಕ್ಸ್ ಅನ್ನುತ್ತೇವೆ. ಅದು ಅಮೆರಿಕದ ವಿನ್ಸೆಂಟ್ ಬೆಂಡಿಕ್ಸ್ ಅವರ ಹೆಸರು. ಅವರ ಕಾಲದ ಏರ್ಪಾಡಿನಲ್ಲಿ ಮೋಟರ್ ಮೊದಲು ತಿರುಗುತ್ತಿತ್ತು, ಆ ರಭಸಕ್ಕೆ ಪಿನಿಯನ್ ಸ್ಕ್ರೂವಿನ ಮೇಲೆ ಓಡಿಹೋಗಿ ಫ್ಲೈವೀಲ್ ರಿಂಗಿಗೆ, ಅಂದರೆ ಇಂಜಿನ್ನಿನ ಭಾರದ ಚಕ್ರದ ಸುತ್ತ ಇರುವ ಹಲ್ಲಿನ ಬಳೆಗೆ, ಕಚ್ಚುತ್ತಿತ್ತು. ಈಗಿನ ಕಾರುಗಳಲ್ಲಿ ಹಾಗಿಲ್ಲ. ಮೊದಲು ಪಿನಿಯನ್ ಮುಂದೆ ಹೋಗಿ ಕಚ್ಚಬೇಕು, ಆಮೇಲೆ ಮೋಟರ್ ತಿರುಗಬೇಕು. ಕ್ರಮ ತಿರುವುಮುರುವಾಯಿತು, ಹೆಸರು ಮಾತ್ರ ಉಳಿಯಿತು. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಇದರ ಮೇಲೇ ಉಳಿದ ಮಾತೆಲ್ಲ ನಿಂತಿದೆ.

ಇಷ್ಟು ಸಣ್ಣ ಮೋಟರು ಅಷ್ಟು ದೊಡ್ಡ ಇಂಜಿನ್ನನ್ನು ಹೇಗೆ ತಿರುಗಿಸುತ್ತದೆ ಅಂತ ಶಾಲೆಯ ಮಕ್ಕಳೂ ಕೇಳುತ್ತಾರೆ. ಮೊದಲು ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ಅಂಬಾಸಡರ್‌ಗೆ ಹ್ಯಾಂಡಲ್ ಹೊಡೆದ ಹಿರಿಯರು ಇಲ್ಲೇ ಇಬ್ಬರು ಮೂವರು ಕೂತಿದ್ದೀರಿ. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಕೂರಿಸಿದವರು ಚಾರ್ಲ್ಸ್ ಕೆಟರಿಂಗ್. ಅದಕ್ಕೂ ಮುಂಚೆ ಅವರು ಡೇಟನ್ ಊರಿನ ಕಂಪನಿಯೊಂದರಲ್ಲಿ ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ಮೋಟರ್ ಜೋಡಿಸಿದ್ದರು. ಗಲ್ಲಾಪೆಟ್ಟಿಗೆಯ ಮೋಟರ್ ದಿನವಿಡೀ ಓಡಬೇಕಿಲ್ಲ, ಒಂದು ಗಳಿಗೆ ಜೋರಾಗಿ ದುಡಿದು ಸುಮ್ಮನಾದರೆ ಸಾಕು. ಸೆಲ್ಫ್ ಕೂಡ ಹಾಗೆಯೇ, ಒಂದೆರಡು ಸೆಕೆಂಡಿಗಷ್ಟೇ ಪೈಲ್ವಾನ. ಸಣ್ಣ ಪೆಟ್ರೋಲ್ ಕಾರಿನಲ್ಲೂ ಆ ಹೊತ್ತಿಗೆ ನೂರು, ನೂರೈವತ್ತು ಆಂಪಿಯರ್ ಎಳೆಯುತ್ತದೆ. ಡೀಸೆಲ್ ಆದರೆ ಅದರ ಎರಡು ಪಟ್ಟೂ ಆಗಬಹುದು. ಅದಕ್ಕೇ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೀ ಹಿಡಿದುಕೊಂಡೇ ಇರಬೇಡಿ, ಒಳಗೆ ಸುಡುತ್ತದೆ. ನಡುವೆ ಒಂದು ನಿಮಿಷ ಬಿಡಿ.

ಇನ್ನು ಕ್ರಮ ನೋಡಿ. ಕೀ ತಿರುಗಿಸಿದಿರಿ. ಬ್ಯಾಟರಿಯ ಕರೆಂಟು ಕೀ ಸ್ವಿಚ್ಚಿನಿಂದ, ರಿಲೇ ಇದ್ದರೆ ಅದರ ಮೂಲಕ, ಸೊಲೆನಾಯ್ಡಿನ ಈ ಸಣ್ಣ ಟರ್ಮಿನಲ್ಲಿಗೆ ಬರುತ್ತದೆ. ಬಹಳಷ್ಟು ಸೆಲ್ಫ್‌ಗಳ ನಕ್ಷೆಯಲ್ಲಿ ಇದಕ್ಕೆ 50 ಅಂತ ನಂಬರು. ಬ್ಯಾಟರಿಯಿಂದ ನೇರ ಬರುವ ದಪ್ಪ ಕೇಬಲ್ ಕೂರುವ ಬೋಲ್ಟಿಗೆ 30. ಸೊಲೆನಾಯ್ಡ್ ಒಳಗೆ ಎರಡು ಸುರುಳಿ ಇವೆ. ಒಂದು ಎಳೆಯುವುದಕ್ಕೆ, ಇನ್ನೊಂದು ಹಿಡಿದುಕೊಳ್ಳುವುದಕ್ಕೆ. ಎರಡೂ ಸೇರಿ ಒಳಗಿನ ಕಬ್ಬಿಣದ ಗೂಟವನ್ನು ಎಳೆಯುತ್ತವೆ. ಗೂಟ ಹಿಂದೆ ಸರಿದರೆ ಫೋರ್ಕು ಪಿನಿಯನ್ನನ್ನು ಮುಂದೆ ತಳ್ಳುತ್ತದೆ, ಏತದ ಹಾಗೆ. ಪಿನಿಯನ್ ರಿಂಗಿಗೆ ಕಚ್ಚಿದ ಮೇಲೆ ಗೂಟದ ಇನ್ನೊಂದು ತುದಿ ಈ ತಾಮ್ರದ ಬಿಲ್ಲೆಯನ್ನು ಒತ್ತುತ್ತದೆ. ಆಗ ಬ್ಯಾಟರಿಯ ಪೂರ್ತಿ ಕರೆಂಟು ಮೋಟರಿಗೆ ನುಗ್ಗುತ್ತದೆ. ಆ ಗಳಿಗೆಯಲ್ಲಿ ಎಳೆಯುವ ಸುರುಳಿಯ ಎರಡೂ ತುದಿಯಲ್ಲಿ ಒಂದೇ ವೋಲ್ಟ್ ಆಗಿಬಿಡುವುದರಿಂದ ಅದರಲ್ಲಿ ಕರೆಂಟು ಹರಿಯುವುದಿಲ್ಲ, ಅದಕ್ಕೆ ರಜೆ. ಹಿಡಿಯುವ ಸುರುಳಿ ಒಂದೇ ದುಡಿಯುತ್ತದೆ.

ಈಗ ಸದ್ದಿಗೆ ಬರೋಣ.

ಏನೂ ಸದ್ದಿಲ್ಲದಿದ್ದರೆ ಸೆಲ್ಫನ್ನು ಮುಟ್ಟಬೇಡಿ. ಕರೆಂಟು ಅಲ್ಲಿಗೆ ಬಂದೇ ಇಲ್ಲದಿರಬಹುದು. ಈಗಿನ ಎಷ್ಟೋ ಕಾರುಗಳಲ್ಲಿ ಕ್ಲಚ್ ಒತ್ತದಿದ್ದರೆ ಸೆಲ್ಫ್ ಹೊಡೆಯುವುದಿಲ್ಲ. ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕಿನಲ್ಲೋ ನ್ಯೂಟ್ರಲ್ಲಿನಲ್ಲೋ ಇರಬೇಕು. ಕ್ಲಚ್ ಪೆಡಲ್ ಕೆಳಗೆ ಮ್ಯಾಟ್ ಮಡಚಿಕೊಂಡು ಅಲ್ಲಿನ ಸ್ವಿಚ್ ಒತ್ತದೆ ಹೋದದ್ದನ್ನು ನಾನೇ ಕಂಡಿದ್ದೇನೆ. ಜೋಗಕ್ಕೆ ಬಂದ ಗಾಡಿ, ಸಾಗರದಿಂದ ಮೂವತ್ತು ಕಿಲೋಮೀಟರ್ ಹೋಗಿ ಮ್ಯಾಟ್ ನೆಟ್ಟಗೆ ಮಾಡಿ ಬಂದೆ. ಚಾರ್ಜು ಕೇಳುವುದಕ್ಕೂ ನಾಚಿಕೆ.

‘ಕಟ್’ ಅಂತ ಒಂದೇ ಸಲ, ಗಟ್ಟಿಯಾಗಿ ಬಂತು, ಮುಂದೇನೂ ಇಲ್ಲ ಅಂದರೆ ಗೂಟ ಎಳೆದಿದೆ, ಮೋಟರ್ ತಿರುಗಿಲ್ಲ. ಆಗ ಹೆಡ್‌ಲೈಟ್ ಹಾಕಿ, ಮನೆಯವರನ್ನು ಮುಂದೆ ನಿಲ್ಲಿಸಿ, ಕೀ ತಿರುಗಿಸಿ. ಬೆಳಕು ಕದಲದಿದ್ದರೆ ಮೋಟರಿಗೆ ಕರೆಂಟು ಹೋಗಿಲ್ಲ. ತಾಮ್ರದ ಬಿಲ್ಲೆಯೋ ಅದು ಕೂರುವ ಜಾಗವೋ ಸುಟ್ಟಿರುತ್ತದೆ. ಇಲ್ಲಿ ನೋಡಿ, ಇದು ಬಿಚ್ಚಿದ ಬಿಲ್ಲೆ. ಒಂದು ಅಂಚು ದೋಸೆಯ ತಳ ಹತ್ತಿದ ಹಾಗೆ ಕರಿಯಾಗಿ ಗುಳಿ ಬಿದ್ದಿದೆಯಲ್ಲ. ಇನ್ನೊಂದು ಬದಿ ಹೊಸ ಕಾಸಿನ ಹಾಗೆ ಹೊಳೆಯುತ್ತಿದೆ. ಎಷ್ಟೋ ಮಾಡೆಲ್ಲುಗಳಿಗೆ ಈ ತಾಮ್ರದ ತುಂಡು ಮಾತ್ರ ಬಿಡಿಯಾಗಿ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು. ಪೂರ್ತಿ ಸೆಲ್ಫೇ ಬೇಕು ಅನ್ನುವವರ ಮಾತಿಗೆ ಒಂದು ದಿನ ತಡೆಯಿರಿ.

ಅದೇ ಬೆಳಕು ಪೂರ್ತಿ ಬಿದ್ದುಹೋದರೆ ಕರೆಂಟು ಹೋಗುತ್ತಿದೆ, ಆದರೆ ತಿರುಗಿಸಲಾಗುತ್ತಿಲ್ಲ. ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಹಿಡಿತ ಸಾಲದು, ಇಲ್ಲವೇ ಮೋಟರೋ ಇಂಜಿನ್ನೋ ಬಿಗಿದಿದೆ.

‘ಕಟಕಟಕಟ’ ಅಂತ ಹೊಲಿಗೆ ಮಷಿನ್ನಿನ ಹಾಗೆ ಬಂದರೆ ಹತ್ತಕ್ಕೆ ಎಂಟು ಸಲ ಬ್ಯಾಟರಿ. ಬಿಲ್ಲೆ ತಾಗುತ್ತದೆ, ಮೋಟರ್ ಕರೆಂಟು ಎಳೆಯುತ್ತದೆ, ವೋಲ್ಟ್ ಕುಸಿಯುತ್ತದೆ, ಹಿಡಿಯುವ ಸುರುಳಿಗೆ ಶಕ್ತಿ ಸಾಲದೆ ಕೈಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟ್ ಏರುತ್ತದೆ, ಮತ್ತೆ ಎಳೆಯುತ್ತದೆ. ಉಳಿದ ಎರಡು ಸಲ ಬ್ಯಾಟರಿ ಗಟ್ಟಿಯಾಗೇ ಇದ್ದು, ಅರ್ತ್ ವೈರಿನ ಹಿಡಿತ ಸಾಲದೆ ಇರುತ್ತದೆ, ಇಲ್ಲವೇ ಹಿಡಿಯುವ ಸುರುಳಿಯ ತಂತಿ ಕಿತ್ತಿರುತ್ತದೆ. ಬೇರೆ ಗಾಡಿಯ ಬ್ಯಾಟರಿಯಿಂದ ಜಂಪರ್ ಕೇಬಲ್ ಹಾಕಿದರೂ ಕಟಕಟ ನಿಲ್ಲದಿದ್ದರೆ ಇವೆರಡನ್ನು ಸಂಶಯಿಸಿ.

ಇನ್ನೊಂದು ಮೋಸದ ಜಾಗ ಇದೆ, ಹೊಸ ಮೆಕ್ಯಾನಿಕ್ ಹುಡುಗರು ಇಲ್ಲೇ ಎಡವುತ್ತಾರೆ. ಎಳೆಯುವ ಸುರುಳಿಗೆ ತನ್ನದೇ ಅರ್ತ್ ಇಲ್ಲ. ಅದರ ಕರೆಂಟು ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಮೂಲಕವೇ ಹೊರಗೆ ಹೋಗಬೇಕು. ಬ್ರಷ್ ಸವೆದು ತಾಗದೆ ಹೋದರೆ ಆ ಸುರುಳಿಯೂ ಸತ್ತ ಹಾಗೆ. ಹಿಡಿಯುವ ಸುರುಳಿ ಒಂದರಿಂದ ಗೂಟ ಮೇಲೇಳುವುದಿಲ್ಲ, ಒಳಗೆ ಸಣ್ಣಗೆ ‘ಟಿಕ್’ ಅಂದೀತು ಅಷ್ಟೇ. ಹುಡುಗ ಸೊಲೆನಾಯ್ಡ್ ಹೋಗಿದೆ ಅಂತ ಹೊಸದು ಹಾಕುತ್ತಾನೆ, ಅದೂ ‘ಟಿಕ್’. ಸ್ಪಾನರಿನಿಂದ ಮೋಟರಿಗೆ ಮೆಲ್ಲಗೆ ಎರಡೇಟು ಹಾಕಿದರೆ ಸ್ಟಾರ್ಟ್ ಆಗುತ್ತದೆ ಅಂತ ಹೇಳುತ್ತಾರಲ್ಲ, ಅದು ಮಂತ್ರವಲ್ಲ. ಅಂಟಿಕೊಂಡಿದ್ದ ಬ್ರಷ್ ಆ ಅದುರಿಗೆ ಕೆಳಗಿಳಿದು ತಾಗುತ್ತದೆ. ಏಟಿಗೆ ಸ್ಟಾರ್ಟ್ ಆಯಿತೆಂದರೆ ನೇರ ಗ್ಯಾರೇಜಿಗೆ ಬನ್ನಿ. ನಾಳೆ ಏಟಿಗೂ ಬಗ್ಗುವುದಿಲ್ಲ.

ಈಗ ‘ಗುಂಯ್’. ಫ್ಯಾನ್ ತಿರುಗಿದ ಹಾಗೆ ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಅಲ್ಲಾಡುವುದಿಲ್ಲ. ಸೆಲ್ಫ್ ಹಿಡಿಯುತ್ತಿಲ್ಲ ಅನ್ನುವುದು ನಿಜಕ್ಕೂ ಇದಕ್ಕೇ. ಆಗಲೇ ಹೇಳಿದ ಕ್ರಮ ನೆನಪಿದೆಯಾ? ಪಿನಿಯನ್ ಮುಂದೆ ತಳ್ಳಿದ ಮೇಲಷ್ಟೇ ಬಿಲ್ಲೆ ತಾಗುವುದು. ಅಂದಮೇಲೆ ಮೋಟರ್ ಗುಂಯ್ ಅನ್ನುತ್ತಿದ್ದರೆ ಬ್ಯಾಟರಿ, ಕೀ, ರಿಲೇ, ಸೊಲೆನಾಯ್ಡ್, ಬ್ರಷ್ ಎಲ್ಲವೂ ಪಾಸಾಗಿವೆ. ತಪ್ಪು ಇರುವುದು ಗೂಟದಿಂದ ಈಚೆಗೆ: ಫೋರ್ಕು, ಬೆಂಡಿಕ್ಸ್, ಇಲ್ಲವೇ ರಿಂಗು. ಈ ಸದ್ದಿಗೆ ಯಾರಾದರೂ ಹೊಸ ಬ್ಯಾಟರಿ ಹಾಕಿಸಿ ಅಂದರೆ ಚಹಾ ಕುಡಿಸಿ ಕಳಿಸಿಬಿಡಿ.

ಬೆಂಡಿಕ್ಸ್ ಕೈಯಲ್ಲಿ ಹಿಡಿದು ನೋಡಿ. ಪಿನಿಯನ್ನನ್ನು ಒಂದು ಕಡೆ ತಿರುಗಿಸಿದರೆ ಸೈಕಲ್ ಫ್ರೀವೀಲಿನ ಹಾಗೆ ಸಲೀಸು, ಇನ್ನೊಂದು ಕಡೆ ಗಪ್ಪೆಂದು ಹಿಡಿಯುತ್ತದೆ. ಯಾಕೆ ಹೀಗೆ? ಪಿನಿಯನ್ನಿಗೆ ಹಲ್ಲು ಎಂಟೋ ಒಂಬತ್ತೋ, ರಿಂಗಿಗೆ ನೂರರ ಆಸುಪಾಸು. ಇಂಜಿನ್ ಸ್ಟಾರ್ಟ್ ಆಗಿ ನಿಮಿಷಕ್ಕೆ ಸಾವಿರ ಸುತ್ತು ಬಂತೆಂದರೆ ಪಿನಿಯನ್ ಹತ್ತು ಸಾವಿರ ದಾಟುತ್ತದೆ. ಆ ವೇಗ ಮೋಟರಿನೊಳಗೆ ತಿರುಗುವ ಆರ್ಮೇಚರಿಗೆ ತಲುಪಿದರೆ ತಂತಿಯೆಲ್ಲ ಕಿತ್ತು ಚೆಲ್ಲಾಪಿಲ್ಲಿ. ಅದಕ್ಕೇ ಒಳಗೆ ಸಣ್ಣ ರೋಲರುಗಳನ್ನಿಟ್ಟು ಒಮ್ಮುಖ ಮಾಡಿದ್ದಾರೆ. ರೋಲರ್ ಕೂರುವ ಜಾಗ ಸವೆದರೆ ಎರಡೂ ಕಡೆ ಜಾರುತ್ತದೆ. ನುಣ್ಣಗಿನ ಗುಂಯ್, ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಹಿಡಿಯುವುದು, ಇದು ಬೆಂಡಿಕ್ಸಿನ ಕ್ಲಚ್ ಜಾರುವ ಲಕ್ಷಣ.

ಗುಂಯ್ ಜೊತೆ ‘ಕರ್ರ್’ ಸೇರಿದರೆ ರಿಂಗಿನ ಕಡೆ ನೋಡಬೇಕು. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು.

ಸಿಗಂದೂರಿಗೆ ಸೇತುವೆ ಆದದ್ದು 2025ರ ಜುಲೈನಲ್ಲಿ. ಅದಕ್ಕೆ ಮುಂಚೆ ಹೊಳೆಬಾಗಿಲಿನಲ್ಲಿ ಕಾರನ್ನು ಲಾಂಚಿಗೆ ಹತ್ತಿಸಿ ಶರಾವತಿ ಹಿನ್ನೀರು ದಾಟಬೇಕಿತ್ತು, ನಿಮಗೆಲ್ಲ ಗೊತ್ತಿದ್ದದ್ದೇ. ಒಂದು ಶುಕ್ರವಾರ ನಾನು, ಮನೆಯವಳು ದೇವಸ್ಥಾನಕ್ಕೆ ಹೊರಟಿದ್ದೆವು. ಲಾಂಚಿನಲ್ಲಿ ನಮ್ಮ ಮುಂದೆ ಒಂದು ಬಿಳಿ 800. ಅಡಿಕೆ ತೋಟದ ಯಜಮಾನರೊಬ್ಬರದು. ಮೂರು ವಾರದ ಹಿಂದಷ್ಟೇ ನಾನೇ ಅದಕ್ಕೆ ಹೊಸ ಬೆಂಡಿಕ್ಸ್ ಹಾಕಿ ಕಳಿಸಿದ್ದೆ. ಆಚೆ ದಡ ಬಂತು, ಎಲ್ಲರೂ ಸ್ಟಾರ್ಟ್ ಮಾಡಿದರು. ಅವರದ್ದು ಗುಂಯ್... ಕರ್ರ್. ಮತ್ತೆ ಗುಂಯ್... ಕರ್ರ್. ಹಿಂದಿನಿಂದ ಬಸ್ಸಿನ ಹಾರ್ನು. ಯಜಮಾನರು ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಿದರೆ ನಾನು! “ಓಹೋ, ನೀನೇ ಇದ್ದೀಯಾ ಮಾರಾಯಾ. ಹೊಸದು ಹಾಕಿದೆ ಅಂದ್ಯಲ್ಲ, ಇದೇನಾ ಹೊಸದು?”

ಲಾಂಚಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಮನೆಯವಳು ನೀರಿನ ಕಡೆ ತಿರುಗಿ ನಿಂತಳು.

ಆಗ ಆ ‘ಕರ್ರ್’ ಕಿವಿಗೆ ಬಿತ್ತು. ಕೀ ಆಫ್ ಮಾಡಿಸಿದೆ. ನಾಲ್ಕನೇ ಗೇರಿಗೆ ಹಾಕಿಸಿ, ಹ್ಯಾಂಡ್‌ಬ್ರೇಕ್ ಬಿಡಿಸಿ, ಇಬ್ಬರು ಹುಡುಗರನ್ನು ಕರೆದು ಕಾರನ್ನು ಒಂದು ಗೇಣು ಮುಂದಕ್ಕೆ ತಳ್ಳಿಸಿದೆ. ಗೇರಿನಲ್ಲಿ ತಳ್ಳಿದರೆ ಚಕ್ರದ ಜೊತೆ ಇಂಜಿನ್ನೂ ಸ್ವಲ್ಪ ತಿರುಗುತ್ತದೆ, ರಿಂಗಿನ ಬೇರೆ ಹಲ್ಲು ಪಿನಿಯನ್ ಎದುರಿಗೆ ಬರುತ್ತದೆ. ನ್ಯೂಟ್ರಲ್ ಮಾಡಿಸಿ ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. ಯಜಮಾನರು ನಕ್ಕರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಮೂರು ವಾರದ ಹಿಂದೆ ಬೆಂಡಿಕ್ಸ್ ಬಿಚ್ಚಿದಾಗ ಅದೇ ಸಂದಿಯಲ್ಲಿ ಟಾರ್ಚ್ ಬಿಟ್ಟು ರಿಂಗನ್ನೂ ನೋಡಬಹುದಿತ್ತಲ್ಲ.

ಮರುದಿನ ಗೇರ್‌ಬಾಕ್ಸ್ ಇಳಿಸಿದೆವು. ರಿಂಗಿನ ಹಲ್ಲು ಮೂರು ಕಡೆ ಮಾತ್ರ ಮುದಿ ಹಸುವಿನ ಹಲ್ಲಿನ ಹಾಗೆ ಸವೆದಿತ್ತು, ಉಳಿದ ಕಡೆ ಹೊಸದರಂತೆಯೇ ಇತ್ತು. ಮೂರೇ ಕಡೆ ಯಾಕೆ? ಇಂಜಿನ್ ಆಫ್ ಮಾಡಿದಾಗ ಯಾವುದಾದರೊಂದು ಸಿಲಿಂಡರಿನ ಗಾಳಿಯ ಒತ್ತಡ ಅದನ್ನು ತಡೆದು ನಿಲ್ಲಿಸುತ್ತದೆ. 800ರದು ಮೂರು ಸಿಲಿಂಡರ್, ಹಾಗಾಗಿ ಹೆಚ್ಚುಕಡಿಮೆ ಮೂರೇ ಜಾಗದಲ್ಲಿ ನಿಲ್ಲುತ್ತದೆ. ನಾಲ್ಕು ಸಿಲಿಂಡರಿನದು ಎದುರುಬದುರು ಎರಡೇ ಜಾಗ. ಹದಿನೈದು ವರ್ಷ ದಿನಾ ಪಿನಿಯನ್ ಬಂದು ಗುದ್ದುವುದು ಅದೇ ಹಲ್ಲುಗಳಿಗೆ. ಹೊಸ ಬೆಂಡಿಕ್ಸಿನ ಹಲ್ಲು ಚೂಪಾಗಿದ್ದರಿಂದ ಮೂರು ವಾರ ಹೇಗೋ ಕಚ್ಚಿಕೊಂಡಿತ್ತು. ಲೇತಿನವರು ಆ ರಿಂಗನ್ನೇ ಕಾಯಿಸಿ ಹಿಗ್ಗಿಸಿ ಕಳಚಿ, ಸ್ವಲ್ಪ ತಿರುಗಿಸಿ, ಗಟ್ಟಿ ಹಲ್ಲು ಆ ಮೂರು ಜಾಗಕ್ಕೆ ಬರುವ ಹಾಗೆ ಕೂರಿಸಿಕೊಟ್ಟರು. ತಣಿದಾಗ ತಾನೇ ಬಿಗಿದುಕೊಂಡಿತು. ಕೂಲಿ ನಾನು ತೆಗೆದುಕೊಳ್ಳಲಿಲ್ಲ.

ನಮ್ಮವರೇ ಮಾಡುವ ಇನ್ನೊಂದು ಕೆಡುಕು ಹೇಳಿಬಿಡುತ್ತೇನೆ. ಸೆಲ್ಫ್ ಬಿಚ್ಚಿದ ಕೂಡಲೇ ಬೆಂಡಿಕ್ಸನ್ನು ಪೆಟ್ರೋಲಿನ ಡಬ್ಬಿಗೆ ಹಾಕಿ ತೊಳೆಯುವುದು. ಹೊಳೆಯುತ್ತದೆ, ಗಿರಾಕಿಗೂ ಖುಷಿ. ಆದರೆ ಬೆಂಡಿಕ್ಸಿನ ಕ್ಲಚ್ಚಿನ ಒಳಗೆ ಕಂಪನಿಯಲ್ಲೇ ತುಂಬಿದ ಗ್ರೀಸ್ ತೊಳೆದುಹೋಗುತ್ತದೆ. ಅದನ್ನು ಮತ್ತೆ ತುಂಬುವುದಕ್ಕೆ ದಾರಿಯೇ ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಸಾಕು. ಹಾಗೆಯೇ ಶಾಫ್ಟಿಗೆ ಗ್ರೀಸ್ ಬಳಿಯುವುದು. ಕ್ಲಚ್ ಪ್ಲೇಟಿನ ಧೂಳು ಅದಕ್ಕೆ ಮೆತ್ತಿ ಜೋನಿಬೆಲ್ಲದ ಹಾಗೆ ಆಗುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಪಿನಿಯನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಮೀಟರಿನ ಬಗ್ಗೆ ಎರಡು ಮಾತು. ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಒಂದು ಇಟ್ಟುಕೊಳ್ಳಿ. ರಾತ್ರಿಯಿಡೀ ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಅರ್ಧ, 12ಕ್ಕೆ ಬಂದರೆ ತಳ ಕಾಣುತ್ತಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇದು ಎಲ್ಲರೂ ನೋಡುವ ಲೆಕ್ಕ. ಕೆಲವರಷ್ಟೇ ನೋಡುವುದು ಇನ್ನೊಂದಿದೆ, ನನಗೆ ಹೆಚ್ಚು ಅನ್ನ ಹಾಕಿರುವುದು ಅದೇ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟದ ಮೇಲೆ. ಕ್ಲಾಂಪಿನ ಮೇಲಲ್ಲ, ಸೀಸದ ಗೂಟದ ಮೇಲೇ. ಇನ್ನೊಂದು ಕಡ್ಡಿ ಇಂಜಿನ್ ಬ್ಲಾಕಿನ ಹಸಿ ಕಬ್ಬಿಣದ ಮೇಲೆ. ಯಾರಾದರೂ ಸೆಲ್ಫ್ ಹೊಡೆಯಲಿ. ಅರ್ತ್ ಚೆನ್ನಾಗಿದ್ದರೆ 0.2, 0.3 ವೋಲ್ಟ್ ಒಳಗೇ ಇರುತ್ತದೆ. ಒಂದು, ಒಂದೂವರೆ ಬಂತೋ, ಸೆಲ್ಫಿಗೆ ಸೇರಬೇಕಾದ್ದು ದಾರಿಯಲ್ಲೇ ಸೋರುತ್ತಿದೆ. ತುಕ್ಕು ಹಿಡಿದ ಸಂದಿಯ ರೆಸಿಸ್ಟೆನ್ಸ್ ಓಮಿನ ನೂರನೇ ಒಂದು ಪಾಲು ಅಂತಿಟ್ಟುಕೊಳ್ಳಿ. ನೂರೈವತ್ತು ಆಂಪಿಯರಿಗೆ ಅದೇ ಒಂದೂವರೆ ವೋಲ್ಟ್ ನುಂಗುತ್ತದೆ. ಅಷ್ಟು ಸಣ್ಣ ರೆಸಿಸ್ಟೆನ್ಸ್ ಮೀಟರಿನ ಓಮ್ ಗುಂಡಿಗೆ ಕಾಣುವುದೇ ಇಲ್ಲ. ಕೆಲಸ ಮಾಡುತ್ತಿರುವಾಗಲೇ ಹಿಡಿಯಬೇಕು ಕಳ್ಳನನ್ನು.

ಸೊಲೆನಾಯ್ಡಿನ 50 ನಂಬರಿಗೆ ಬರುವ ವೈರಿಗೂ ಇದೇ ನ್ಯಾಯ. ಕೆಲವರು ವೈರ್ ಬಿಚ್ಚಿ ಟೆಸ್ಟ್ ಲ್ಯಾಂಪ್ ಹಿಡಿದು “ನೋಡಿ ಸಾರ್, ಕರೆಂಟ್ ಬರ್ತಿದೆ” ಅನ್ನುತ್ತಾರೆ. ಲ್ಯಾಂಪಿಗೆ ಅರ್ಧ ಆಂಪಿಯರೂ ಬೇಡ, ಒಂದೇ ಎಳೆ ಉಳಿದಿದ್ದರೂ ಉರಿಯುತ್ತದೆ. ಸೊಲೆನಾಯ್ಡ್ ಎಳೆಯುವಾಗ ಕೇಳುವುದು ಮೂವತ್ತರ ಆಸುಪಾಸು. ವೈರ್ ಅದರ ಜಾಗದಲ್ಲೇ ಇರಲಿ, ಹಾಗೇ ಅಳೆಯಿರಿ.

ಸ್ಕ್ರೂಡ್ರೈವರ್ ಇಟ್ಟು 30ಕ್ಕೂ 50ಕ್ಕೂ ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವುದನ್ನು ವಿಡಿಯೋದಲ್ಲಿ ನೋಡಿರುತ್ತೀರಿ. ನಾವೂ ಮಾಡುತ್ತೇವೆ, ನೀವು ಮಾಡಬೇಡಿ. ಗಾಡಿ ಗೇರಿನಲ್ಲಿ ಇದ್ದರೆ ಮುಂದೆ ನಿಂತವನ ಮೇಲೇ ಬರುತ್ತದೆ.

ಕೊನೆಗೆ ಪ್ರಶ್ನೆಗಳು ಬಂದವು. ತಳ್ಳಿ ಸ್ಟಾರ್ಟ್ ಮಾಡಿದರೆ ಇಂಜಿನ್ನಿಗೆ ತೊಂದರೆಯಾ ಅಂತ ಒಬ್ಬರು ಕೇಳಿದರು. ಮ್ಯಾನುಯಲ್ ಗೇರಿನದಾದರೆ ಅಪರೂಪಕ್ಕೊಮ್ಮೆ ಪರವಾಗಿಲ್ಲ, ಎರಡನೇ ಗೇರಿನಲ್ಲಿ ಬಿಡಿ, ಆಟೋಮ್ಯಾಟಿಕ್ ಆದರೆ ತಳ್ಳಿದವರಿಗೆ ಬೆವರು ಬಂದೀತು ಅಷ್ಟೇ ಅಂದೆ. ಹಿಂದಿನ ಸಾಲಿನಿಂದ ಟೀಚರಮ್ಮ ಒಬ್ಬರು ಎದ್ದು, “ನನ್ನ ಕಾರು ಆರು ತಿಂಗಳಿಂದ ಕಟಕಟ ಅಂತಿದೆ. ಬ್ಯಾಟರಿ ಎರಡು ಸಲ ಬದಲಾಯಿಸಿದೆ. ಈಗಲೂ ಹೊರಗೆ ಇಳಿಜಾರು ನೋಡಿಯೇ ನಿಲ್ಲಿಸಿ ಬಂದಿದ್ದೇನೆ” ಅಂದರು. ಎಲ್ಲರೂ ನಕ್ಕರು. “ನಡೀರಿ ಅಕ್ಕಾ, ನೋಡೋಣ” ಅಂದೆ. ಸಭೆಯೇ ಎದ್ದು ಹೊರಟಿತು.

ಬೋನೆಟ್ ಎತ್ತಿದರೆ ಬ್ಯಾಟರಿ ಹೊಸದು, ಟರ್ಮಿನಲ್ಲಿಗೆ ವ್ಯಾಸಲೀನ್ ಕೂಡ ಹಚ್ಚಿದ್ದಾರೆ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ನೋಡಿ ಮೈನಸ್ ಗೂಟಕ್ಕೂ ಇಂಜಿನ್ನಿಗೂ ಮೀಟರ್ ಇಟ್ಟೆವು. ಟೀಚರಮ್ಮ ಕೀ ತಿರುಗಿಸಿದರು, ಕಟಕಟಕಟ. ಮುಳ್ಳಿನ ಮೀಟರು ನನ್ನದು. ಆ ಕಟಕಟಕ್ಕೆ ತಕ್ಕ ಹಾಗೆ ಮುಳ್ಳು ಎರಡು ವೋಲ್ಟಿನವರೆಗೆ ಜಿಗಿದು ಜಿಗಿದು ಬೀಳುತ್ತಿತ್ತು. ಮೈನಸ್ ಕೇಬಲ್ ಹಿಡಿದುಕೊಂಡು ಕೆಳಗೆ ಹೋದೆ. ಗೇರ್‌ಬಾಕ್ಸಿಗೆ ಸೇರುವ ಕಡೆ ಲಗ್ ಮೇಲೆ, ಅಂದರೆ ಕೇಬಲ್ ತುದಿಯ ಉಂಗುರದ ಮೇಲೆ, ಹಸಿರು ಬಿಳಿ ಹೂವು ಅರಳಿತ್ತು. ಹತ್ತು ನಂಬರ್ ಸ್ಪಾನರ್ ಹಾಕಿ ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಆ ಲಗ್ ಬಿಚ್ಚಿ, ಎಮೆರಿ ಪೇಪರಿನಲ್ಲಿ ಕೆಂಪು ತಾಮ್ರ ಕಾಣುವವರೆಗೆ ತಿಕ್ಕಲು ಒಬ್ಬ ಹುಡುಗನಿಗೆ ಕೊಟ್ಟೆ. ಕಾಲೇಜು ಹುಡುಗ, ಚೆನ್ನಾಗಿಯೇ ತಿಕ್ಕಿದ. ಬೋಲ್ಟ್ ಬಿಗಿದೆವು. ಮಳೆ ಹನಿ ಶುರುವಾಗಿತ್ತು, ಯಾರೋ ಬೋನೆಟ್ಟಿನ ಮೇಲೆ ಕೊಡೆ ಹಿಡಿದರು.

ಈ ಸಲ ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು. ಇಂಜಿನ್ ಸ್ಟಾರ್ಟ್ ಆದ ಸದ್ದಿಗೆ ಟೀಚರಮ್ಮ ಒಳಗಿನಿಂದ ಕೂಗಿ ಕೇಳಿದರು, “ಆಫ್ ಮಾಡಿ ಇನ್ನೊಂದು ಸಲ ಹೊಡೀಲಾ?”